ಒಂದು ಸುತ್ತಿಗೆ 83 ಲಕ್ಷ ಪಾಲು: ಎನ್‌ಕೋಡರ್ ಕೋನವನ್ನು ಓದುವ ಬಗೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರೊಬ್ಬರ ಚಿಕ್ಕ ವರ್ಕ್‌ಶಾಪ್ ಇದೆ. ಎರಡು ಸಿಎನ್‌ಸಿ ಲೇತ್‌ಗಳು (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರಗಳು), ಹರಿಹರದಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಕಿರ್ಲೋಸ್ಕರ್ ಲೇತ್ ಒಂದು, ಮೂವರು ಕೆಲಸಗಾರರು. ಹಬ್ಬಕ್ಕೆಂದು ನಾಲ್ಕು ದಿನ ಮೇನ್ ಸ್ವಿಚ್ ಆರಿಸಿ ಹೋಗಿದ್ದವರು ಮರಳಿ ಬಂದು ಯಂತ್ರ ಚಾಲೂ ಮಾಡಿದಾಗ, ಪರದೆಯ ಮೇಲೆ ಎನ್‌ಕೋಡರ್ ಕುರಿತ ಎಚ್ಚರಿಕೆಯೊಂದು ಕೆಂಪಕ್ಷರದಲ್ಲಿ ಮೂಡಿತು, ಯಂತ್ರ ಕದಲಲಿಲ್ಲ. “ರಾತ್ರೋರಾತ್ರಿ ಯಾರೂ ಮುಟ್ಟಿಲ್ಲ ಸರ್, ನಿಂತಲ್ಲೇ ನಿಂತಿದೆ. ಆದರೂ ತಾನೆಲ್ಲಿದೀನಿ ಅನ್ನೋದನ್ನೇ ಮರೆತುಬಿಟ್ಟಿದೆ” ಎಂದು ಮಾಲೀಕರು ಫೋನಿನಲ್ಲಿ ಹೇಳಿದರು. ಕಾಯಿಲೆಯ ಹೆಸರನ್ನು ಅವರು ಅರಿಯದೆಯೇ ಸರಿಯಾಗಿ ಹೇಳಿದ್ದರು. ಅದಕ್ಕೆ ಕಾರಣವೇನು ಎಂಬುದನ್ನು ಕೊನೆಯಲ್ಲಿ ನೋಡೋಣ, ಏಕೆಂದರೆ ಅದು ಅರ್ಥವಾಗಬೇಕಾದರೆ ಮೋಟರಿನ ಬೆನ್ನಿಗೆ ಅಂಟಿಕೊಂಡಿರುವ, ಟೀ ಲೋಟದ ಗಾತ್ರದ ಆ ಡಬ್ಬಿಯೊಳಗೆ ಏನಿದೆ ಎಂಬುದು ಮೊದಲು ತಿಳಿಯಬೇಕು.

ಎನ್‌ಕೋಡರ್ ಎಂದರೆ ತಿರುಗುವ ದಂಡವೊಂದು ಈ ಗಳಿಗೆಯಲ್ಲಿ ಎಷ್ಟು ಕೋನ ತಿರುಗಿದೆ ಎಂಬುದನ್ನು ಅಂಕಿಯ ರೂಪದಲ್ಲಿ ಹೇಳುವ ಸಾಧನ. ಸಿಎನ್‌ಸಿ ಯಂತ್ರಗಳಲ್ಲಿ ಮಾತ್ರವಲ್ಲ, ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳಂಥವುಗಳಲ್ಲಿ ರೆಕ್ಕೆಯ ಓರೆಯನ್ನು ತಿದ್ದುವ ಮೋಟರುಗಳಲ್ಲಿ, ರಸ್ತೆ ಮತ್ತು ರೈಲು ಮಾರ್ಗದ ಅಳತೆಗೆ ಮುಕ್ಕಾಲಿಯ ಮೇಲೆ ಕೂರಿಸುವ ಟೋಟಲ್ ಸ್ಟೇಷನ್‌ನಲ್ಲಿ, ರೋಬೋಟಿನ ಪ್ರತಿ ಕೀಲಿನಲ್ಲಿ ಇದೇ ಸಾಧನವಿರುತ್ತದೆ. ಇವುಗಳಲ್ಲಿ ಬೆಳಕಿನಿಂದ ಕೆಲಸ ಮಾಡುವ ಬಗೆಯೇ ಈ ಲೇಖನದ ವಿಷಯ.

ಎಷ್ಟು ಸಣ್ಣ ಕೋನ?

ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟು, ಮಿನಿಟಿಗೆ 60 ಸೆಕೆಂಡು. ಇವು ಕಾಲದ ಮಿನಿಟು ಸೆಕೆಂಡುಗಳಲ್ಲ, ಕೋನದವು. ಒಂದು ಪೂರ್ಣ ಸುತ್ತಿನಲ್ಲಿ ಇಂಥ 12,96,000 ಸೆಕೆಂಡುಗಳಿವೆ. ಒಂದು ಸೆಕೆಂಡು ಎಷ್ಟು ಕಿರಿದೆಂದರೆ, ದಾವಣಗೆರೆಯಲ್ಲಿ ನಿಂತು ಸುಮಾರು 60 ಕಿ.ಮೀ. ದೂರದ ಚಿತ್ರದುರ್ಗದ ಕಡೆಗೆ ನೇರ ಗೆರೆಯೊಂದನ್ನು ಎಳೆಯುವಾಗ ಕೋನ ಒಂದು ಸೆಕೆಂಡಿನಷ್ಟು ತಪ್ಪಿದರೆ, ಆ ಗೆರೆ ಅಲ್ಲಿಗೆ ತಲುಪುವ ಹೊತ್ತಿಗೆ ಸುಮಾರು 29 ಸೆಂ.ಮೀ. ಮಾತ್ರ ಸರಿದಿರುತ್ತದೆ, ಅಂದರೆ ಒಂದು ಅಡಿಗೂ ಕಡಿಮೆ.

ವರ್ಕ್‌ಶಾಪಿನ ಅಗತ್ಯ ಇಷ್ಟು ಕಠಿಣವಲ್ಲ. ಮೋಟರು ಒಂದು ಸುತ್ತು ತಿರುಗಿದರೆ ಲೋಹ ಕೊರೆಯುವ ಟೂಲು 10 ಮಿ.ಮೀ. ಸರಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ ಸರಿಯಬೇಕಾದರೆ ಸುತ್ತಿನ ಹತ್ತು ಸಾವಿರದ ಒಂದು ಭಾಗವನ್ನು, ಎಂದರೆ ಸುಮಾರು 130 ಸೆಕೆಂಡಿನ ಕೋನವನ್ನು ಗುರುತಿಸಿದರೆ ಸಾಕು. ಹಳೆಯ ಲೇತ್‌ನಲ್ಲಿ ಈ ಕೆಲಸವನ್ನು ಹಿಡಿಕೆಯ ಚಕ್ರದ ಬುಡದಲ್ಲಿರುವ ಗೆರೆ ಕೊರೆದ ಉಂಗುರ ಮಾಡುತ್ತದೆ, ಓದುವ ಕಣ್ಣು ಕೆಲಸಗಾರನದು. ಎನ್‌ಕೋಡರ್ ಆ ಉಂಗುರವನ್ನೂ ಆ ಕಣ್ಣನ್ನೂ ಒಂದೇ ಡಬ್ಬಿಗೆ ತುಂಬಿದೆ ಎಂದುಕೊಂಡರೆ ತಪ್ಪಾಗದು.

ದೀಪ, ತಟ್ಟೆ, ಕಣ್ಣು

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಸೈಬರ್ ಸೆಂಟರುಗಳಲ್ಲಿ ಇದ್ದ ಗುಂಡಿನ ಮೌಸನ್ನು ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ. ರಬ್ಬರು ಗುಂಡಿಗೆ ತಗುಲಿಕೊಂಡ ಎರಡು ಪುಟ್ಟ ಕಡ್ಡಿಗಳು, ಪ್ರತಿ ಕಡ್ಡಿಯ ತುದಿಗೆ ಸೀಳುಗಳಿದ್ದ ಪ್ಲಾಸ್ಟಿಕ್ ಚಕ್ರ, ಚಕ್ರದ ಒಂದು ಪಕ್ಕದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಎಲ್‌ಇಡಿ, ಇನ್ನೊಂದು ಪಕ್ಕದಲ್ಲಿ ಬೆಳಕು ಬಿದ್ದರೆ ವಿದ್ಯುತ್ತು ಹರಿಸುವ ಸೆನ್ಸರ್. ಚಕ್ರ ತಿರುಗಿದಂತೆ ಬೆಳಕು ಬಿಟ್ಟು ಬಿಟ್ಟು ಬೀಳುತ್ತದೆ. ಎಷ್ಟು ಬಾರಿ ಬಿದ್ದಿತೆಂದು ಎಣಿಸಿದರೆ ಎಷ್ಟು ತಿರುಗಿತೆಂದು ತಿಳಿಯುತ್ತದೆ.

ಯಂತ್ರಗಳ ಎನ್‌ಕೋಡರಿನಲ್ಲೂ ಭಾಗಗಳು ಇವೇ, ನಯ ಮಾತ್ರ ಬೇರೆ. ಪ್ಲಾಸ್ಟಿಕ್ಕಿನ ಬದಲು ಗಾಜಿನ ತಟ್ಟೆ ಇರುತ್ತದೆ. ಅದರ ಮೇಲೆ ತೆಳುವಾದ ಕ್ರೋಮಿಯಂ ಲೇಪವಿದ್ದು, ಕಂಪ್ಯೂಟರ್ ಚಿಪ್ಪುಗಳ ಮೇಲೆ ನಕ್ಷೆ ಮೂಡಿಸುವ ರೀತಿಯಲ್ಲೇ ಬೆಳಕು ಮತ್ತು ರಾಸಾಯನಿಕಗಳಿಂದ ಗೆರೆಗಳನ್ನು ಕೆತ್ತಿರುತ್ತಾರೆ. ಗೆರೆಗಳಿರುವ ವೃತ್ತದ ವ್ಯಾಸ 40 ಮಿ.ಮೀ. ಇದ್ದು ಅದರಲ್ಲಿ 2,500 ಗೆರೆಗಳಿದ್ದರೆ, ಒಂದು ಗೆರೆ ಮತ್ತು ಅದರ ಪಕ್ಕದ ಖಾಲಿ ಜಾಗ ಸೇರಿ ಕೇವಲ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪಕ್ಕೂ ತುಸು ಕಡಿಮೆ. ಕೆಲವು ಮಾದರಿಗಳಲ್ಲಿ ಬೆಳಕು ತಟ್ಟೆಯನ್ನು ಹಾಯ್ದು ಹೋಗುತ್ತದೆ, ಕೆಲವುಗಳಲ್ಲಿ ಕನ್ನಡಿಯಿಂದ ಮರಳುವಂತೆ ಮರಳುತ್ತದೆ. ಎರಡನೆಯದರಲ್ಲಿ ದೀಪವೂ ಕಣ್ಣೂ ಒಂದೇ ಪಕ್ಕದಲ್ಲಿರುವುದರಿಂದ ಡಬ್ಬಿ ತೆಳ್ಳಗಾಗುತ್ತದೆ.

ಕಣ್ಣು ಒಂದೇ ಇದ್ದರೆ ಮೋಸ

ಆಳದ ಬಾವಿಗೆ ಇಳಿಬಿಟ್ಟ ಹಗ್ಗಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿದೆ ಎನ್ನಿ. ಕಣ್ಣು ಮುಚ್ಚಿ ಹಗ್ಗದ ಮೇಲೆ ಒಂದು ಬೆರಳಿಟ್ಟವನಿಗೆ ಗಂಟೊಂದು ದಾಟಿತೆಂದು ತಿಳಿಯುತ್ತದೆಯೇ ಹೊರತು ಅದು ಮೇಲೆ ಬಂದಿತೋ ಕೆಳಗೆ ಹೋಯಿತೋ ತಿಳಿಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಹಗ್ಗ ನಿಂತಲ್ಲೇ ನಡುಗುತ್ತಿದ್ದು ಒಂದೇ ಗಂಟು ಬೆರಳಿನಡಿ ಹಿಂದೆ ಮುಂದೆ ಆಡುತ್ತಿದ್ದರೆ ಅವನು ಹತ್ತು ಮೊಳ ಬಂತು, ಇಪ್ಪತ್ತು ಮೊಳ ಬಂತು ಎಂದು ಎಣಿಸುತ್ತಲೇ ಇರುತ್ತಾನೆ. ತುಸು ಕೆಳಗೆ ಇನ್ನೊಂದು ಬೆರಳಿಟ್ಟರೆ ಎರಡೂ ತೊಂದರೆ ಮಾಯ: ಕೆಳಗಿನ ಬೆರಳಿಗೆ ಮೊದಲು ತಾಕಿದರೆ ಹಗ್ಗ ಮೇಲೇರುತ್ತಿದೆ, ಮೇಲಿನದಕ್ಕೆ ಮೊದಲು ತಾಕಿದರೆ ಇಳಿಯುತ್ತಿದೆ.

ಎನ್‌ಕೋಡರಿನಲ್ಲಿಯೂ ಎರಡು ಕಣ್ಣುಗಳಿವೆ. ಅವುಗಳನ್ನು ಎ ಮತ್ತು ಬಿ ಎಂದು ಕರೆಯುತ್ತಾರೆ. ಅವುಗಳ ನಡುವೆ ಒಂದು ಗೆರೆಯ ಅಂತರದ ಕಾಲು ಭಾಗದಷ್ಟು ವ್ಯತ್ಯಾಸವಿರುವಂತೆ ಕೂರಿಸುತ್ತಾರೆ. ಬೆಳಕಿಗೆ 1, ಕತ್ತಲಿಗೆ 0 ಎಂದು ಬರೆದುಕೊಂಡರೆ ಒಂದು ದಿಕ್ಕಿನಲ್ಲಿ ತಿರುಗುವಾಗ ಎ–ಬಿ ಜೋಡಿ 00, 10, 11, 01 ಎಂಬ ಕ್ರಮದಲ್ಲಿ ಬರುತ್ತದೆ, ಎದುರು ದಿಕ್ಕಿನಲ್ಲಿ ಇದೇ ಸಾಲು ತಿರುಗುಮುರುಗಾಗುತ್ತದೆ. ಒಂದು ಗೆರೆ ದಾಟುವಷ್ಟರಲ್ಲಿ ನಾಲ್ಕು ಬದಲಾವಣೆಗಳು ಸಿಗುವುದರಿಂದ 2,500 ಗೆರೆಗಳ ತಟ್ಟೆ ಸುತ್ತಿಗೆ 10,000 ಎಣಿಕೆ ಕೊಡುತ್ತದೆ. ಮೇಲೆ ಹೇಳಿದ ಒಂದು ಮೈಕ್ರಾನಿನ ಲೆಕ್ಕ ಇಲ್ಲಿಗೆ ಕೂಡಿಬಂತು. ಇದಲ್ಲದೆ ಸುತ್ತಿಗೆ ಒಮ್ಮೆ ಮಾತ್ರ ಬರುವ ಗುರುತೊಂದು ಇರುತ್ತದೆ, ಎಣಿಕೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಯಂತ್ರಕ್ಕೆ ತಿಳಿಯುವುದು ಅದರಿಂದ.

ಎರಡು ಪದರ ಸೊಳ್ಳೆ ಪರದೆ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗೆರೆ 25 ಮೈಕ್ರಾನ್ ಅಗಲವಿರುವಾಗ ಅದನ್ನು ನೋಡುವ ಸೆನ್ಸರ್ ಕೂಡ ಅಷ್ಟೇ ಕಿರಿದಾಗಿರಬೇಕಲ್ಲವೇ? ಅಷ್ಟು ಕಿರಿದಾದ ಕಿಂಡಿಯಿಂದ ಬರುವ ಬೆಳಕು ತೀರಾ ಕಡಿಮೆ; ಒಂದು ಧೂಳಿನ ಕಣ ಕುಳಿತರೆ ಮುಗಿಯಿತು. ಆದ್ದರಿಂದ ವಿನ್ಯಾಸಕಾರರು ತಟ್ಟೆಯ ಎದುರಿಗೆ ಅದೇ ಅಂತರದ ಗೆರೆಗಳಿರುವ ಇನ್ನೊಂದು ಚಿಕ್ಕ ಗಾಜನ್ನು ಅಲುಗದಂತೆ ನಿಲ್ಲಿಸುತ್ತಾರೆ. ಎರಡೂ ಗೆರೆಗಳು ಒಂದರ ಮೇಲೊಂದು ಬಂದಾಗ ಹತ್ತಾರು ಕಿಂಡಿಗಳಿಂದ ಒಟ್ಟಿಗೆ ಬೆಳಕು ನುಗ್ಗುತ್ತದೆ, ಒಂದರ ಗೆರೆ ಇನ್ನೊಂದರ ಸಂದಿಗೆ ಬಂದಾಗ ಎಲ್ಲ ಕಿಂಡಿಗಳೂ ಒಟ್ಟಿಗೆ ಮುಚ್ಚುತ್ತವೆ. ಸೊಳ್ಳೆ ಪರದೆಯನ್ನು ಎರಡು ಪದರವಾಗಿ ಮಡಚಿ ಬೆಳಕಿಗೆ ಹಿಡಿದು ಒಂದು ಪದರವನ್ನು ಕೂದಲೆಳೆಯಷ್ಟು ಸರಿಸಿ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಸರಿತಕ್ಕೆ ಅಂಗೈ ಅಗಲದ ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಓಡುತ್ತವೆ. ಸಣ್ಣ ಚಲನೆಯನ್ನು ದೊಡ್ಡ ನೆರಳಾಗಿ ತೋರಿಸುವ ಈ ವಿದ್ಯಮಾನಕ್ಕೆ ಮ್ವಾರೆ ಎಂದು ಹೆಸರು. ಹತ್ತಾರು ಗೆರೆಗಳ ಸರಾಸರಿಯನ್ನು ಒಮ್ಮೆಗೇ ನೋಡುವುದರಿಂದ ಒಂದು ಗೆರೆ ಸೊಟ್ಟಗಿದ್ದರೂ ಒಂದು ಕಣ ಅಡ್ಡ ಬಂದರೂ ಫಲಿತಾಂಶ ಹೆಚ್ಚು ಕೆಡುವುದಿಲ್ಲ.

ಗೆರೆಗಳನ್ನು ಇನ್ನಷ್ಟು ಒತ್ತೊತ್ತಾಗಿ ಬರೆದರೆ ನಿಖರತೆ ಹೆಚ್ಚುತ್ತಲೇ ಹೋಗಬಾರದೇಕೆ ಎಂದರೆ, ಬೆಳಕಿನ ಸ್ವಭಾವವೇ ಅಡ್ಡ ಬರುತ್ತದೆ. ಬೆಳಕು ಅಲೆ, ಸಣ್ಣ ಕಿಂಡಿಯಿಂದ ಹೊರಬಂದೊಡನೆ ಅದು ಹರಡಿಕೊಳ್ಳುತ್ತದೆ, ನೆರಳಿನ ಅಂಚು ಕದಡಿಹೋಗುತ್ತದೆ. ಸೋಜಿಗವೆಂದರೆ, ಸಮಾನ ಅಂತರದ ಗೆರೆಗಳ ಮೇಲೆ ಬೆಳಕು ಸಮಾನಾಂತರವಾಗಿ ಬಿದ್ದರೆ ಹೀಗೆ ಕದಡಿದ ನೆರಳು ಸ್ವಲ್ಪ ದೂರದಲ್ಲಿ ತಾನಾಗಿಯೇ ಮತ್ತೆ ಸ್ಪಷ್ಟವಾಗುತ್ತದೆ. 19ನೇ ಶತಮಾನದಲ್ಲಿ ಇದನ್ನು ಗಮನಿಸಿದ ಹೆನ್ರಿ ಫಾಕ್ಸ್ ಟಾಲ್ಬಟ್ ಹೆಸರಿನಿಂದಲೇ ಆ ದೂರವನ್ನು ಗುರುತಿಸುತ್ತಾರೆ. ಗೆರೆಗಳ ಅಂತರ 20 ಮೈಕ್ರಾನ್, ಬೆಳಕಿನ ಅಲೆಯುದ್ದ 0.85 ಮೈಕ್ರಾನ್ ಆಗಿದ್ದರೆ ಅದು ಸುಮಾರು 0.94 ಮಿ.ಮೀ. ಎಲ್‌ಇಡಿಯ ಮುಂದೆ ಮಸೂರವನ್ನಿಟ್ಟು ಕಿರಣಗಳನ್ನು ಸಮಾನಾಂತರಗೊಳಿಸುವುದು, ತಟ್ಟೆ ಮತ್ತು ಸೆನ್ಸರ್ ನಡುವಿನ ಸಂದನ್ನು ಲೆಕ್ಕ ಹಾಕಿ ನಿಲ್ಲಿಸುವುದು ಇದಕ್ಕಾಗಿಯೇ.

ಕದಡಿದ ಅಂಚಿನಿಂದ ಒಂದು ಲಾಭವೂ ಇದೆ. ಬೆಳಕು ಥಟ್ಟನೆ ಹತ್ತಿ ಥಟ್ಟನೆ ಆರುವ ಬದಲು ನಿಧಾನವಾಗಿ ಏರಿ ಇಳಿಯುತ್ತದೆ, ಜೋಕಾಲಿಯ ತೂಗಾಟದಂತೆ. ಗಣಿತದಲ್ಲಿ ಇದನ್ನು ಸೈನ್ ಅಲೆ ಎನ್ನುತ್ತಾರೆ. ಕಾಲು ಅಂತರ ಹಿಂದಿರುವ ಎರಡನೆಯ ಕಣ್ಣಿನಿಂದ ಕೊಸೈನ್ ಅಲೆ ಬರುತ್ತದೆ. ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ ಎಷ್ಟಿದೆ ಎಂದು ಎರಡೂ ಕಣ್ಣುಗಳನ್ನು ಕೇಳಿದರೆ, ಒಂದೇ ಗೆರೆಯ ಒಳಗೆ ನಾವೆಲ್ಲಿದ್ದೇವೆಂದು ಲೆಕ್ಕ ಹಾಕಬಹುದು. 2,048 ಗೆರೆಗಳ ತಟ್ಟೆಯಲ್ಲಿ ಪ್ರತಿ ಗೆರೆಯನ್ನು ಹೀಗೆ 4,096 ಪಾಲು ಮಾಡಿದರೆ ಸುತ್ತಿಗೆ 83,88,608 ಪಾಲುಗಳಾಗುತ್ತವೆ. ಮಾರಾಟದ ಕಾಗದದಲ್ಲಿ 23 ಬಿಟ್ ಎಂದು ಬರೆದಿರುವುದು ಇದನ್ನೇ. ಒಂದು ಬಿಟ್ ಎಂದರೆ 0 ಅಥವಾ 1 ಆಗಬಲ್ಲ ಒಂದು ಅಂಕಿ; 23 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವುದು ಇದೇ ಸಂಖ್ಯೆ.

ಎಲ್‌ಇಡಿ ಹಳತಾಗಿ ಮಂಕಾದರೆ ಎಷ್ಟಿದೆ ಎಂಬ ಲೆಕ್ಕವೇ ತಪ್ಪುವುದಿಲ್ಲವೇ? ಅದಕ್ಕೆ ತಕ್ಕಡಿಯ ಉಪಾಯವಿದೆ. ಪ್ರತಿ ಕಣ್ಣಿಗೂ ಅದು ಬೆಳಕು ಕಾಣುವಾಗ ಕತ್ತಲನ್ನು ಕಾಣುವ ಒಂದು ಜೊತೆಗಣ್ಣನ್ನು ಇಟ್ಟು, ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ದೀಪ ಮಂಕಾದರೆ ತಕ್ಕಡಿಯ ಎರಡೂ ತಟ್ಟೆಗಳು ಒಟ್ಟಿಗೆ ಹಗುರಾಗುತ್ತವೆ, ಮುಳ್ಳು ನಡುವನ್ನು ಬಿಟ್ಟು ಕದಲುವುದಿಲ್ಲ.

ಎಣಿಸದೆಯೇ ತಿಳಿಯುವುದು

ಇಲ್ಲಿಯವರೆಗೆ ಹೇಳಿದ್ದು ಎಣಿಸುವ ಎನ್‌ಕೋಡರ್. ಕರೆಂಟು ಹೋದರೆ ಎಣಿಕೆಯೂ ಹೋಯಿತು. ಕತ್ತಲಲ್ಲಿ ಮೆಟ್ಟಿಲೆಣಿಸುತ್ತ ಹತ್ತುತ್ತಿದ್ದವನನ್ನು ಯಾರೋ ಮಾತಾಡಿಸಿದಂತೆ. ಪ್ರತಿ ಮೆಟ್ಟಿಲಿಗೂ ಅದರ ಸಂಖ್ಯೆಯನ್ನು ಬರೆದಿಟ್ಟರೆ ಎಣಿಸುವ ಗೊಡವೆಯೇ ಇಲ್ಲ. ಹಾಗೆ ಬರೆದಿಡುವ ಎನ್‌ಕೋಡರನ್ನು ಅಬ್ಸಲ್ಯೂಟ್ ಎನ್ನುತ್ತಾರೆ. ಸಂಖ್ಯೆಗಳನ್ನು ಬೆಳಕು ಕತ್ತಲೆಗಳಲ್ಲಿ, ಅಂದರೆ 1 ಮತ್ತು 0ಗಳಲ್ಲಿ ಬರೆಯಬೇಕು. ತಟ್ಟೆಯ ಮೇಲೆ ಒಂದರೊಳಗೊಂದು ಬಳೆಗಳಂತೆ ನಾಲ್ಕು ಪಟ್ಟಿಗಳನ್ನು ಬರೆದು ನಾಲ್ಕು ಕಣ್ಣುಗಳನ್ನಿಟ್ಟರೆ 16 ಸ್ಥಾನಗಳು, ಹನ್ನೆರಡು ಪಟ್ಟಿಗಳಿದ್ದರೆ 4,096 ಸ್ಥಾನಗಳು.

ಆದರೆ ಸಾಮಾನ್ಯ ದ್ವಿಮಾನ ಸಂಖ್ಯೆಗಳನ್ನು ಬರೆದರೆ ಅಪಾಯ ಕಾದಿದೆ. ಹಳೆಯ ಬೈಕಿನ ಕಿಲೋಮೀಟರ್ ಮೀಟರಿನಲ್ಲಿ 0999 ಹೋಗಿ 1000 ಬರುವಾಗ ನಾಲ್ಕೂ ಚಕ್ರಗಳು ಒಟ್ಟಿಗೆ ಉರುಳುತ್ತವೆ. ಉರುಳುವ ಮಧ್ಯದಲ್ಲಿ ಓದಿದವನಿಗೆ 0000 ಅಥವಾ 1999 ಎಂದು ಕಂಡರೂ ಕಂಡೀತು. ದ್ವಿಮಾನದಲ್ಲಿ ಏಳು 0111, ಎಂಟು 1000. ಗಡಿಯ ಮೇಲೆ ನಿಂತಾಗ ನಾಲ್ಕು ಕಣ್ಣುಗಳೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಟ್ಟಿಗೆ ಬದಲಾಗುವುದು ಸಾಧ್ಯವಿಲ್ಲ. ಮೊದಲನೆಯ ಕಣ್ಣು ತುಸು ಮುಂಚೆ ಬದಲಾದರೆ ಓದು 1111, ಅಂದರೆ ಹದಿನೈದು. ಏಳಕ್ಕೂ ಹದಿನೈದಕ್ಕೂ ತಟ್ಟೆಯಲ್ಲಿ ಅರ್ಧ ಸುತ್ತಿನ ಅಂತರ.

ಇದಕ್ಕೆ ಪರಿಹಾರವೆಂದರೆ ಪಕ್ಕಪಕ್ಕದ ಯಾವುದೇ ಎರಡು ಸಂಖ್ಯೆಗಳಲ್ಲಿ ಒಂದೇ ಒಂದು ಅಂಕಿ ಬದಲಾಗುವಂತೆ ಸಾಲನ್ನು ಹೊಸದಾಗಿ ಜೋಡಿಸುವುದು. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1947ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1953ರಲ್ಲಿ ಪಡೆದ ಈ ಜೋಡಣೆಗೆ ಗ್ರೇ ಕೋಡ್ ಎಂದೇ ಹೆಸರು. ಫ್ರಾನ್ಸಿನ ಎಮಿಲ್ ಬೋಡೊ ಅದಕ್ಕೂ ಎಷ್ಟೋ ಮೊದಲು ತಂತಿ ಸಂದೇಶದಲ್ಲಿ ಇಂಥದ್ದನ್ನೇ ಬಳಸಿದ್ದ. ಗ್ರೇ ಕೋಡಿನಲ್ಲಿ ಏಳು 0100, ಎಂಟು 1100. ಗಡಿಯಲ್ಲಿ ಯಾವ ಕಣ್ಣು ಎಷ್ಟು ತಡಮಾಡಿದರೂ ಓದು ಏಳಾಗಿರುತ್ತದೆ ಇಲ್ಲವೇ ಎಂಟಾಗಿರುತ್ತದೆ, ಮೂರನೆಯದಕ್ಕೆ ಅವಕಾಶವಿಲ್ಲ.

ಯಮಾತಾರಾಜಭಾನಸಲಗಂ

ಗ್ರೇ ಕೋಡಿಗೂ ಒಂದು ಕೊರತೆಯಿದೆ. ಬಿಟ್ ಒಂದೊಂದು ಹೆಚ್ಚಿದಂತೆ ಪಟ್ಟಿಯೊಂದು ಹೆಚ್ಚಬೇಕು, ತಟ್ಟೆ ಅಗಲವಾಗುತ್ತ ಹೋಗಬೇಕು. ಇಡೀ ಸಂಖ್ಯೆಯನ್ನು ಒಂದೇ ಪಟ್ಟಿಯಲ್ಲಿ ಬರೆಯಲಾದೀತೇ? ಆಗುತ್ತದೆ. ಆ ಉಪಾಯವನ್ನು ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದವರೆಲ್ಲ ಅರಿವಿಲ್ಲದೆಯೇ ಬಾಯಿಪಾಠ ಮಾಡಿದ್ದಾರೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಛಂದಸ್ಸಿನ ಪಾಠದಲ್ಲಿ ಅಕ್ಷರಗಣಗಳನ್ನು ನೆನಪಿಡಲು ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ಹೇಳಿಕೊಡುತ್ತಿದ್ದರು. ಯ ಲಘು, ಮಾ ತಾ ರಾ ಗುರು, ಜ ಲಘು, ಭಾ ಗುರು, ನ ಸ ಲ ಲಘು, ಗಂ ಗುರು. ಯಾವ ಅಕ್ಷರದಿಂದ ಹೊರಟು ಮೂರು ಅಕ್ಷರ ಹಿಡಿದರೂ ಆ ಅಕ್ಷರದ ಹೆಸರಿನ ಗಣ ಸಿಗುತ್ತದೆ: ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ ಸಲಗಂ ಸಗಣದವರೆಗೆ ಎಂಟೂ ಗಣಗಳು. ಲಘುವಿಗೆ 0, ಗುರುವಿಗೆ 1 ಎಂದು ಬರೆದರೆ ಸೂತ್ರ 0111010001 ಆಗುತ್ತದೆ. ಕೊನೆಯ ಎರಡು ಅಕ್ಷರಗಳಾದ ಲ, ಗಂ ಮೊದಲ ಎರಡು ಅಕ್ಷರಗಳಾದ ಯ, ಮಾಗಳಂತೆಯೇ 0, 1 ಆಗಿರುವುದನ್ನು ಗಮನಿಸಿ. ಆದ್ದರಿಂದ ಬಾಲವನ್ನು ತಲೆಯ ಮೇಲೆ ತಂದು ಕೂರಿಸಿದರೆ 01110100 ಎಂಬ ಎಂಟು ಮನೆಗಳ ಬಳೆಯಾಗುತ್ತದೆ.

ಈ ಬಳೆಯನ್ನು ಗಾಜಿನ ತಟ್ಟೆಯ ಮೇಲೆ ಬೆಳಕು ಕತ್ತಲೆಯಾಗಿ ಬರೆದು, ಪಕ್ಕಪಕ್ಕದಲ್ಲಿ ಮೂರು ಕಣ್ಣುಗಳನ್ನಿಟ್ಟರೆ ಅವು ಒಮ್ಮೆಗೆ ಒಂದು ಗಣವನ್ನು ಓದುತ್ತವೆ. 011 ಕಂಡರೆ ಯಗಣದ ಸ್ಥಾನ, ತಟ್ಟೆ ಒಂದು ಮನೆ ಸರಿದರೆ 111, ಮಗಣದ ಸ್ಥಾನ. ಎಂಟು ಸ್ಥಾನಗಳಿಗೆ ಎಂಟು ಬೇರೆ ಬೇರೆ ಗಣಗಳಿರುವುದರಿಂದ ಯಂತ್ರವನ್ನು ಎಬ್ಬಿಸಿದ ಕೂಡಲೇ, ಒಂದು ಹೆಜ್ಜೆಯೂ ತಿರುಗಿಸದೆ, ತಾನೆಲ್ಲಿದ್ದೇನೆಂದು ಅದು ಹೇಳಬಲ್ಲದು. ಇಂಥ ಸಾಲುಗಳಿಗೆ ಗಣಿತದಲ್ಲಿ, 1946ರಲ್ಲಿ ಇವುಗಳ ಬಗ್ಗೆ ಬರೆದ ಡಚ್ ಗಣಿತಜ್ಞ ನಿಕೋಲಾಸ್ ಡಿ ಬ್ರೌನ್ ಅವರ ಹೆಸರಿದೆ. ಮೂರು ಅಕ್ಷರದ ಬದಲು ಹನ್ನೆರಡು ಅಕ್ಷರದ ಗಣ ಮಾಡಿಕೊಂಡರೆ 4,096 ಮನೆಗಳ ಒಂದೇ ಬಳೆ ಸಾಕು.

ಕಣ್ಣುಗಳು ಎರಡು ಮನೆಗಳ ಗಡಿಯ ಮೇಲೆಯೇ ನಿಂತರೆ ಎಂಬ ಹಳೆಯ ತೊಂದರೆ ಇಲ್ಲಿಯೂ ಇದೆ. ಅದಕ್ಕಾಗಿ ಈ ಬಳೆಯ ಪಕ್ಕದಲ್ಲೇ ಸಮಾನ ಗೆರೆಗಳ ಮಾಮೂಲಿ ಪಟ್ಟಿಯೊಂದನ್ನು ಬರೆದು, ಈಗ ಮನೆಯ ನಡುವಿನಲ್ಲಿದ್ದೇವೆಯೇ ಅಂಚಿನಲ್ಲಿದ್ದೇವೆಯೇ ಎಂಬುದನ್ನು ಅದರಿಂದ ತಿಳಿದುಕೊಳ್ಳುತ್ತಾರೆ. ಯಾವ ಮನೆ ಎಂಬುದನ್ನು ಒಂದು ಪಟ್ಟಿ ಹೇಳುತ್ತದೆ, ಮನೆಯ ಒಳಗೆ ಎಲ್ಲಿ ಎಂಬುದನ್ನು ಇನ್ನೊಂದು ಪಟ್ಟಿಯ ಸೈನ್ ಅಲೆಗಳು ಹೇಳುತ್ತವೆ. ಇದೇ ಕೆಲಸಕ್ಕೆ 1,024 ಗೆರೆಗಳ ಒಂದು ಪಟ್ಟಿ, 1,023 ಗೆರೆಗಳ ಇನ್ನೊಂದು ಪಟ್ಟಿ ಬರೆದು ಎರಡರ ನಡುವಿನ ಹಿಂದುಮುಂದು ಸುತ್ತಿನ ಪ್ರತಿ ಜಾಗದಲ್ಲೂ ಬೇರೆಯಾಗಿರುವುದನ್ನು ನೋಡುವ ವರ್ನಿಯರ್ ಮಾರ್ಗವೂ ಬಳಕೆಯಲ್ಲಿದೆ.

ನಡು ತಪ್ಪಿದ ತಟ್ಟೆ

ಈಗ ಖರೀದಿಸುವವರು ಬಹಳ ಸಲ ಎಡವುವ ಜಾಗಕ್ಕೆ ಬಂದೆವು. ಸುತ್ತಿಗೆ 83 ಲಕ್ಷ ಪಾಲು ಎಂದರೆ ಒಂದು ಪಾಲು ಸುಮಾರು 0.15 ಸೆಕೆಂಡು. ಹಾಗೆಂದ ಮಾತ್ರಕ್ಕೆ ಎನ್‌ಕೋಡರ್ ಹೇಳುವ ಕೋನ 0.15 ಸೆಕೆಂಡಿನಷ್ಟು ಸರಿಯಾಗಿದೆ ಎಂದು ಅರ್ಥವಲ್ಲ. ಸ್ಕೇಲಿನ ಮೇಲೆ ಗೆರೆಗಳು ಎಷ್ಟು ಒತ್ತಾಗಿವೆ ಎಂಬುದು ಬೇರೆ, ಸ್ಕೇಲೇ ಸರಿಯಾಗಿದೆಯೇ ಎಂಬುದು ಬೇರೆ. ನನ್ನ ಮಟ್ಟಿಗೆ ಹೇಳುವುದಾದರೆ ಎನ್‌ಕೋಡರಿನ ನಿಜವಾದ ಬೆಲೆ ಇರುವುದು ಎರಡನೆಯದರಲ್ಲಿ.

ತಟ್ಟೆಯ ನಡುವೂ ದಂಡದ ನಡುವೂ ಒಂದೇ ಆಗಿರಬೇಕು. ಲೇತ್ ಕೆಲಸಗಾರರು ಚಕ್ಕಿಗೆ, ಅಂದರೆ ಲೇತಿನ ತಿರುಗುವ ಹಿಡಿತಕ್ಕೆ, ಕಟ್ಟಿದ ವಸ್ತು ನಡು ತಪ್ಪಿ ತಿರುಗಿದರೆ “ಔಟ್ ಇದೆ” ಎನ್ನುತ್ತಾರಲ್ಲ, ಅದೇ ಔಟ್ ಇಲ್ಲಿಯೂ. ಗೆರೆಗಳ ವೃತ್ತದ ವ್ಯಾಸ 40 ಮಿ.ಮೀ. ಇರುವ ತಟ್ಟೆಯ ನಡು ಒಂದೇ ಒಂದು ಮೈಕ್ರಾನ್ ತಪ್ಪಿದ್ದರೆ, ಕೋನದ ಓದು ಸುತ್ತಿನ ಒಂದು ಪಕ್ಕದಲ್ಲಿ ಸುಮಾರು 10 ಸೆಕೆಂಡು ಮುಂದೆಯೂ ಎದುರು ಪಕ್ಕದಲ್ಲಿ ಅಷ್ಟೇ ಹಿಂದೆಯೂ ಹೋಗುತ್ತದೆ. ಅಂದರೆ ಪಾಲಿನ ಗಾತ್ರಕ್ಕಿಂತ ಅರವತ್ತಕ್ಕೂ ಹೆಚ್ಚು ಪಟ್ಟು ದೊಡ್ಡ ತಪ್ಪು.

ಇದಕ್ಕೆ ಔಷಧಿ ಎನ್‌ಕೋಡರಿಗಿಂತ ಬಹಳ ಹಳೆಯದು. ಸಿವಿಲ್ ಡಿಪ್ಲೊಮಾ ಓದಿದವರು ಕೋನ ಅಳೆಯುವ ಥಿಯೊಡೊಲೈಟಿನಲ್ಲಿ ಎ ವರ್ನಿಯರ್ ಎಂಬ ಓದುಪಟ್ಟಿಯನ್ನೂ ಅದರ ನೇರ ಎದುರಿನ ಬಿ ವರ್ನಿಯರನ್ನೂ ಓದಿ ಸರಾಸರಿ ಬರೆದಿರುತ್ತಾರೆ. ನಡು ತಪ್ಪಿದ್ದರಿಂದ ಒಂದು ಪಕ್ಕದಲ್ಲಿ ಹೆಚ್ಚಾದದ್ದು ಎದುರು ಪಕ್ಕದಲ್ಲಿ ಅಷ್ಟೇ ಕಡಿಮೆಯಾಗುವುದರಿಂದ ಸರಾಸರಿಯಲ್ಲಿ ತಪ್ಪು ಅಳಿಸಿಹೋಗುತ್ತದೆ. ಹೆಚ್ಚು ನಿಖರತೆ ಬೇಕಾದ ಎನ್‌ಕೋಡರುಗಳಲ್ಲಿ ತಟ್ಟೆಯ ಎದುರುಬದುರಿಗೆ ಎರಡು ಓದುವ ತಲೆಗಳನ್ನಿಟ್ಟು ಮಾಡುವುದು ಇದನ್ನೇ. ಬೇರಿಂಗ್ ಸವೆದು ಮುಂದೆ ಯಾವತ್ತೋ ತಟ್ಟೆ ಅತ್ತಿತ್ತ ಸರಿದರೂ ಈ ಜೋಡಿ ಅದನ್ನು ನುಂಗಿಕೊಳ್ಳುತ್ತದೆ.

ನಾಲ್ಕು ದಿನದ ರಜೆಯಲ್ಲಿ ಆದದ್ದು

ಬೆಳಕಿನ ಎನ್‌ಕೋಡರಿನ ಶತ್ರುಗಳು ಧೂಳು, ಎಣ್ಣೆಯ ಮಂಜು ಮತ್ತು ತಟ್ಟೆಯ ಮೇಲೆ ಕೂರುವ ತೇವ. ಅವು ಹೆಚ್ಚಿರುವ ಕಡೆ ಗೆರೆಗಳ ಬದಲು ಅಯಸ್ಕಾಂತದ ಉಂಗುರವಿರುವ ಎನ್‌ಕೋಡರುಗಳನ್ನು ಹಾಕುತ್ತಾರೆ. ನಿಖರತೆಯಲ್ಲಿ ಅವು ಸಾಮಾನ್ಯವಾಗಿ ಒಂದು ಮೆಟ್ಟಿಲು ಕೆಳಗಿದ್ದರೂ ಕೊಳೆಗೆ ಅಂಜುವುದಿಲ್ಲ. ಆದರೆ ಕರೂರಿನ ಯಂತ್ರದಲ್ಲಿ ತಟ್ಟೆ ಶುಭ್ರವಾಗಿಯೇ ಇತ್ತು.

ಅಬ್ಸಲ್ಯೂಟ್ ತಟ್ಟೆ ಒಂದು ಸುತ್ತಿನ ಒಳಗಿನ ಸ್ಥಾನವನ್ನು ಮಾತ್ರ ಹೇಳಬಲ್ಲದು. ಗಡಿಯಾರದ ನಿಮಿಷದ ಮುಳ್ಳು ಗಂಟೆ ಎಷ್ಟೆಂದು ಹೇಳದಂತೆ. ಟೂಲು ಅರ್ಧ ಮೀಟರ್ ಓಡಬೇಕಾದರೆ ಮೋಟರು ಐವತ್ತು ಸುತ್ತು ತಿರುಗುತ್ತದೆ, ಎಷ್ಟನೆಯ ಸುತ್ತು ಎಂಬುದನ್ನು ಬೇರೆಯಾಗಿ ನೆನಪಿಡಬೇಕು. ಕೆಲವು ಎನ್‌ಕೋಡರುಗಳು ಗಂಟೆಯ ಮುಳ್ಳಿನಂತೆ ಸಣ್ಣ ಗೇರುಗಳಿಂದ ಇದನ್ನು ಮಾಡುತ್ತವೆ. ಇನ್ನು ಹಲವು, ಮುಖ್ಯ ಕರೆಂಟು ಇಲ್ಲದಾಗಲೂ ಸುತ್ತಿನ ಲೆಕ್ಕ ಉಳಿಯಲೆಂದು ಪುಟ್ಟ ಬ್ಯಾಟರಿಯೊಂದನ್ನು ಆಶ್ರಯಿಸುತ್ತವೆ. ಆ ಬ್ಯಾಟರಿ ದುರ್ಬಲವಾಗಿದೆ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಹಲವು ವಾರಗಳಿಂದ ಮಿಣುಕುತ್ತಿತ್ತಂತೆ. ಕೆಲಸ ನಡೆಯುತ್ತಿದ್ದುದರಿಂದ ಯಾರೂ ಗಮನ ಕೊಟ್ಟಿರಲಿಲ್ಲ. ಮೇನ್ ಸ್ವಿಚ್ ಆರಿದ ನಾಲ್ಕು ದಿನಗಳಲ್ಲಿ ಅದು ಪೂರ್ತಿ ಖಾಲಿಯಾಗಿ, ಸುತ್ತಿನ ಲೆಕ್ಕ ಅಳಿಸಿಹೋಗಿತ್ತು. ಸುತ್ತಿನ ಒಳಗಿನ ಸ್ಥಾನ ಗಾಜಿನ ಮೇಲೆ ಬರೆದದ್ದಾದ್ದರಿಂದ ಅದು ಎಲ್ಲಿಗೂ ಹೋಗಿರಲಿಲ್ಲ.

ಸರ್ವಿಸಿನ ಹುಡುಗ ಮರುದಿನ ಬಂದು ಹೊಸ ಬ್ಯಾಟರಿ ಹಾಕಿದ. ಯಂತ್ರದ ಮೈಮೇಲೆಯೂ ಸರಿಯುವ ಭಾಗದ ಮೇಲೆಯೂ ಒಂದೊಂದು ಬಾಣದ ಗುರುತಿತ್ತು. ಎರಡು ಬಾಣಗಳ ಮೂತಿ ಕೂಡುವಂತೆ ಭಾಗವನ್ನು ಮೆಲ್ಲಗೆ ತಂದು ನಿಲ್ಲಿಸಿ, ಇದೇ ಸೊನ್ನೆ ಎಂದು ಪರದೆಯಲ್ಲಿ ಒತ್ತಿದ. ಹಿಂದೆ ಮಾಡಿದ್ದ ಒಂದು ಬುಷ್ಷನ್ನು ಮೈಕ್ರೊಮೀಟರಿನಲ್ಲಿ ಅಳೆದು, ಹೊಸದೊಂದನ್ನು ಕೊರೆದು, ಎರಡನ್ನೂ ಹೋಲಿಸಿ ಉಳಿದ ವ್ಯತ್ಯಾಸವನ್ನು ಯಂತ್ರದ ಆಫ್‌ಸೆಟ್‌ನಲ್ಲಿ, ಅಂದರೆ ತಿದ್ದುಪಡಿಯ ಅಂಕಿಯಲ್ಲಿ, ಸರಿಪಡಿಸಿದ. ಹೊರಡುವಾಗ, ಬ್ಯಾಟರಿ ಬದಲಿಸುವ ದಿನ ಯಂತ್ರವನ್ನು ಆರಿಸದೆ, ಎಮರ್ಜೆನ್ಸಿ ಗುಂಡಿ ಒತ್ತಿ ನಿಲ್ಲಿಸಿ, ಕರೆಂಟು ಇರುವಾಗಲೇ ಬದಲಿಸಬೇಕೆಂದು ಹೇಳಿ, ಆ ದಿನದ ತಾರೀಖನ್ನು ಕಂಟ್ರೋಲ್ ಪ್ಯಾನೆಲಿನ ಬಾಗಿಲ ಒಳಮೈಗೆ ಮಾರ್ಕರಿನಲ್ಲಿ ಬರೆದು ಹೋದ.